ಹಳೆಯ ಜೀಪಿನ ನಡುಕ: ಕ್ರಾಸ್ ಬದಲಿಸುವ ಮುನ್ನ ಕಾರಣ ತಿಳಿಯಿರಿ

ಬೆಳೆಯ ಎಲೆ ಹಳದಿಯಾಗಿದೆ ಎಂದು ರೈತರೊಬ್ಬರು ನಮ್ಮಲ್ಲಿಗೆ ಬಂದರೆ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಳದಿಯಾಗಿರುವುದು ಕೆಳಗಿನ ಹಳೆಯ ಎಲೆಯೋ, ಮೇಲಿನ ಎಳೆಯ ಎಲೆಯೋ? ಹಳೆಯ ಎಲೆಯಾದರೆ ಸಾರಜನಕದ ಕೊರತೆಯನ್ನು ಶಂಕಿಸುತ್ತೇವೆ. ಎಳೆಯ ಎಲೆಯಾದರೆ ಗಂಧಕ ಅಥವಾ ಕಬ್ಬಿಣದ ಕೊರತೆ ಇರಬಹುದು. ಇದನ್ನು ಕೇಳದೆ ಯೂರಿಯಾ ಸುರಿದರೆ ಹಣವೂ ಹೋಗುತ್ತದೆ, ಬೆಳೆಯೂ ಸುಧಾರಿಸುವುದಿಲ್ಲ.

ಹಳೆಯ ಜೀಪು ನಡುಗತೊಡಗಿದಾಗ ನಮ್ಮಲ್ಲಿ ಅನೇಕರು ಮಾಡುವುದು ಇಂಥದೇ ತಪ್ಪು. ನಡುಕ ಬಂದೊಡನೆ 'ಕ್ರಾಸ್ ಹೋಗಿದೆ' ಎಂದು ತೀರ್ಮಾನಿಸಿ, ಯೂನಿವರ್ಸಲ್ ಜಾಯಿಂಟಿನ ಕ್ರಾಸ್ ಬದಲಿಸಲಾಗುತ್ತದೆ. ಕೆಲವೊಮ್ಮೆ ನಡುಕ ನಿಲ್ಲುತ್ತದೆ. ಹಲವು ಬಾರಿ ನಿಲ್ಲುವುದಿಲ್ಲ.

ಲೇಖಕನು ಬೇಸಾಯ ಶಾಸ್ತ್ರದವನೇ ಹೊರತು ಯಂತ್ರ ಶಾಸ್ತ್ರದವನಲ್ಲ. ಆದರೆ ಮಲೆನಾಡಿನ ನಮ್ಮ ಮನೆಯಲ್ಲಿ ತಂದೆಯವರ ಕಾಲದ ಜೀಪೊಂದು ಇದೆ. ಅಡಿಕೆ, ಗೊಬ್ಬರ, ಆಳುಕಾಳುಗಳನ್ನು ಸಾಗಿಸಲು ನನ್ನ ತಮ್ಮ ಅದನ್ನು ಇಂದಿಗೂ ಬಳಸುತ್ತಾನೆ. ಕೆಲವು ವರ್ಷಗಳ ಹಿಂದೆ ಗಂಟೆಗೆ 40 ಕಿ.ಮೀ. ವೇಗ ದಾಟಿದೊಡನೆ ಅದರ ನೆಲಹಾಸು ಗುಂಯ್ ಎಂದು ನಡುಗತೊಡಗಿತು. ಪೇಟೆಯ ಗ್ಯಾರೇಜೊಂದರಲ್ಲಿ ಹಿಂದಿನ ಶಾಫ್ಟಿನ ಎರಡೂ ಕ್ರಾಸುಗಳನ್ನು ಬದಲಿಸಿದರು. ನಡುಕ ಹಾಗೆಯೇ ಇತ್ತು. ಮತ್ತೊಮ್ಮೆ ಬದಲಿಸಿದರು. ಆಗಲೂ ಹೋಗಲಿಲ್ಲ. ಕೊನೆಗೊಂದು ದಿನ ತೋಟದ ಏರಿನಲ್ಲಿ ದೊಡ್ಡ ಸದ್ದಿನೊಂದಿಗೆ ಹಿಂದಿನ ಶಾಫ್ಟ್ ಕಳಚಿ ಬಿತ್ತು. ತಮ್ಮ ಕಾಲಿನ ಬ್ರೇಕ್ ಒತ್ತಿ ಜೀಪು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ತೆಗೆದ. ಜೀಪು ಹಿಂದಕ್ಕೆ ಉರುಳತೊಡಗಿತು. ಅವನು ಮತ್ತೆ ಬ್ರೇಕ್ ಒತ್ತಿದ. ಜೊತೆಗಿದ್ದ ಆಳು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಇದ್ದದ್ದು ಇಪ್ಪತ್ತು ಅಡಿ ಆಳದ ಹಳ್ಳ.

ಹ್ಯಾಂಡ್ ಬ್ರೇಕ್ ಏಕೆ ಹಿಡಿಯಲಿಲ್ಲ? ಹಳೆಯ ಮಾದರಿಯ ಜೀಪುಗಳಲ್ಲಿ ಅದು ಚಕ್ರಗಳಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಶಾಫ್ಟ್ ಹೊರಡುವ ಕಡೆ ಒಂದು ಡ್ರಮ್ ಇದ್ದು, ಹ್ಯಾಂಡ್ ಬ್ರೇಕ್ ಅದನ್ನು ಹಿಡಿಯುತ್ತದೆ. ಅಲ್ಲಿಂದ ಹಿಡಿತ ಹಿಂಚಕ್ರಕ್ಕೆ ತಲುಪುವುದು ಹಿಂದಿನ ಶಾಫ್ಟಿನ ಮೂಲಕವೇ. ಶಾಫ್ಟ್ ಕಳಚಿದರೆ ಹ್ಯಾಂಡ್ ಬ್ರೇಕೂ ಹೋದಂತೆಯೇ. ಆದ್ದರಿಂದ ಶಾಫ್ಟಿನ ನಡುಕವನ್ನು ಕೇವಲ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ.

ಇಷ್ಟಕ್ಕೂ ನಮ್ಮ ಜೀಪಿನ ನಿಜವಾದ ದೋಷ ಯಾವುದು ಎಂಬುದನ್ನು ಮುಂದೆ ತಿಳಿಸುತ್ತೇನೆ. ಅದಕ್ಕೆ ಮೊದಲು ಶಾಫ್ಟಿನ ರಚನೆಯನ್ನು ಅರಿಯುವುದು ಅಗತ್ಯ.

ಶಾಫ್ಟಿನ ರಚನೆ

ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು 1947ರಲ್ಲಿ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಅಂದಿನಿಂದ ಬಂದ ಹಳೆಯ ಮಾದರಿಗಳಲ್ಲಿ ಶಕ್ತಿಯನ್ನು ಸಾಗಿಸುವ ವ್ಯವಸ್ಥೆ ಹೆಚ್ಚು ಕಡಿಮೆ ಒಂದೇ ರೀತಿಯದು. ಗೇರ್ ಬಾಕ್ಸಿಗೆ ಜೋಡಿಸಿದ ಟ್ರಾನ್ಸ್‌ಫರ್ ಕೇಸಿನಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಅಚ್ಚಿಗೂ, ಇನ್ನೊಂದು ಮುಂದಿನ ಅಚ್ಚಿಗೂ ಹೋಗುತ್ತದೆ.

ಗೇರ್ ಬಾಕ್ಸ್ ಚಾಸಿಗೆ ಬಿಗಿದಿರುತ್ತದೆ. ಅಚ್ಚು ಸ್ಪ್ರಿಂಗ್ ಪ್ಲೇಟುಗಳ ಮೇಲೆ ಏರಿಳಿಯುತ್ತದೆ. ಹೀಗಾಗಿ ಶಾಫ್ಟ್ ಓರೆಯಾಗಿಯೂ ತಿರುಗಬೇಕು, ಅಗತ್ಯಕ್ಕೆ ತಕ್ಕಂತೆ ಉದ್ದವೂ ಆಗಬೇಕು, ಗಿಡ್ಡವೂ ಆಗಬೇಕು. ಓರೆಯಾಗಿ ತಿರುಗಲು ಎರಡು ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟುಗಳು ಇವೆ. ಉದ್ದಗಿಡ್ಡ ಆಗಲು ಹಲ್ಲುಗಳುಳ್ಳ ಜಾರುವ ಭಾಗ, ಅಂದರೆ ಸ್ಪ್ಲೈನ್ ಇದೆ.

ಒಂದೊಂದು ಜಾಯಿಂಟಿನಲ್ಲಿಯೂ ಎರಡು ಕವಲುಗಳು ಇರುತ್ತವೆ. ಇವಕ್ಕೆ ಯೋಕ್ ಎನ್ನುತ್ತಾರೆ. ಇವೆರಡರ ನಡುವೆ ಅಧಿಕ ಚಿಹ್ನೆಯ ಆಕಾರದ ಕ್ರಾಸ್ ಕೂರುತ್ತದೆ. ಕ್ರಾಸಿನ ನಾಲ್ಕು ಕಾಲುಗಳ ಮೇಲೆ ನಾಲ್ಕು ಕಪ್ಪುಗಳು, ಪ್ರತಿ ಕಪ್ಪಿನ ಒಳಗೆ ಸೂಜಿಯಂಥ ಸಣ್ಣ ರೋಲರುಗಳು. ಕಪ್ಪು ಹೊರಬಾರದಂತೆ ಲಾಕ್ ರಿಂಗ್ ಅಥವಾ ಯು-ಬೋಲ್ಟ್ ಹಿಡಿದಿರುತ್ತದೆ.

ಇದು ಹೊಸ ಉಪಾಯವೇನೂ ಅಲ್ಲ. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೊ ಮತ್ತು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಅವರ ಹೆಸರುಗಳು ಈ ಜಾಯಿಂಟಿಗೆ ಅಂಟಿಕೊಂಡಿವೆ. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಎಂಬುವರು ಮೋಟಾರು ವಾಹನಕ್ಕೆ ಹೊಂದುವಂತೆ ಇದನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದರು.

ಜಾಯಿಂಟಿನ ಹುಟ್ಟುಗುಣ

ಯೂನಿವರ್ಸಲ್ ಜಾಯಿಂಟಿಗೆ ಒಂದು ಹುಟ್ಟುಗುಣವಿದೆ. ಓರೆಯಾಗಿ ತಿರುಗುವಾಗ ಅದು ಒಂದೇ ಸಮನೆ ತಿರುಗುವುದಿಲ್ಲ. ಮನೆಯಲ್ಲಿ ರೋಟವೇಟರಿನ ಶಾಫ್ಟ್ ಇದ್ದರೆ ಅದನ್ನು ಬಿಚ್ಚಿ ನೆಲದ ಮೇಲಿಟ್ಟು ನೀವೇ ಪರೀಕ್ಷಿಸಬಹುದು. ಒಂದು ಜಾಯಿಂಟನ್ನು ಸುಮಾರು 30 ಡಿಗ್ರಿ ಬಗ್ಗಿಸಿ, ಈ ಕಡೆಯಿಂದ 45 ಡಿಗ್ರಿ ತಿರುಗಿಸಿರಿ. ಆ ಕಡೆಯ ತುದಿ ಕ್ರಾಸಿನ ಆರಂಭದ ಸ್ಥಾನಕ್ಕೆ ತಕ್ಕಂತೆ ಸುಮಾರು 41 ಡಿಗ್ರಿ ಅಥವಾ 49 ಡಿಗ್ರಿ ತಿರುಗಿರುತ್ತದೆ. ಇಲ್ಲಿ 90 ಡಿಗ್ರಿ ಆಗುವ ಹೊತ್ತಿಗೆ ಅಲ್ಲಿಯೂ 90 ಆಗಿರುತ್ತದೆ. ಅಂದರೆ ಒಂದು ಸುತ್ತಿನಲ್ಲಿ ಎರಡು ಬಾರಿ ಹಿಂದೆ ಬಿದ್ದು, ಎರಡು ಬಾರಿ ಮುಂದೆ ಓಡಿ, ಒಟ್ಟಿನಲ್ಲಿ ಲೆಕ್ಕ ಸರಿಮಾಡಿಕೊಳ್ಳುತ್ತದೆ.

ಈ ಏರುಪೇರು ಓರೆಯ ಕೋನವನ್ನು ಅವಲಂಬಿಸಿದೆ. ಕೋನ 10 ಡಿಗ್ರಿ ಇದ್ದರೆ ವೇಗ ಸುಮಾರು ಶೇಕಡಾ 1.5ರಷ್ಟು ಕಡಿಮೆಯೂ ಹೆಚ್ಚೂ ಆಗುತ್ತದೆ. 20 ಡಿಗ್ರಿಗೆ ಇದು ಸುಮಾರು ಶೇಕಡಾ 6 ಆಗುತ್ತದೆ. 30 ಡಿಗ್ರಿಗೆ ಶೇಕಡಾ 13ಕ್ಕಿಂತ ಹೆಚ್ಚು. ಕೋನ ಎರಡರಷ್ಟಾದರೆ ಏರುಪೇರು ಸುಮಾರು ನಾಲ್ಕರಷ್ಟಾಗುತ್ತದೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ಜೀಪು ಸದಾ ನಡುಗಬೇಕಲ್ಲವೆ ಎಂದು ನೀವು ಕೇಳಬಹುದು. ಇಲ್ಲ. ಮೊದಲ ಜಾಯಿಂಟ್ ಮಾಡಿದ ಏರುಪೇರನ್ನು ಎರಡನೆಯದು ಸರಿದೂಗಿಸುತ್ತದೆ. ಇದಕ್ಕೆ ಎರಡು ನಿಯಮಗಳನ್ನು ಪಾಲಿಸಬೇಕು.

1. ಎರಡೂ ಜಾಯಿಂಟುಗಳ ಓರೆ ಸಮನಾಗಿರಬೇಕು.
2. ನಡುವಿನ ಶಾಫ್ಟಿನ ಎರಡು ತುದಿಗಳ ಯೋಕುಗಳು ಒಂದೇ ಸಮತಲದಲ್ಲಿ ಇರಬೇಕು. ಶಾಫ್ಟನ್ನು ಸಮನೆಲದ ಮೇಲೆ ಮಲಗಿಸಿ ನೋಡಿದಾಗ ಒಂದು ತುದಿಯ ಕಿವಿಗಳು ಅಡ್ಡವಾಗಿದ್ದರೆ ಇನ್ನೊಂದು ತುದಿಯ ಕಿವಿಗಳೂ ಅಡ್ಡವಾಗಿಯೇ ಇರಬೇಕು.

ಎರಡನೆಯ ನಿಯಮ ತಪ್ಪುವುದು ಸ್ಪ್ಲೈನನ್ನು ಎಳೆದು ಬೇರ್ಪಡಿಸಿ ಮತ್ತೆ ಸೇರಿಸುವಾಗ. 16 ಹಲ್ಲುಗಳ ಸ್ಪ್ಲೈನಿನಲ್ಲಿ ಒಂದು ಹಲ್ಲು ತಪ್ಪಿದರೆ 22.5 ಡಿಗ್ರಿ ತಪ್ಪಿದಂತೆ. ಯೋಕುಗಳು ಪೂರ್ತಿ 90 ಡಿಗ್ರಿ ತಪ್ಪಿ ಕುಳಿತರೆ ಎರಡನೆಯ ಜಾಯಿಂಟ್ ಮೊದಲನೆಯದರ ಏರುಪೇರನ್ನು ಅಳಿಸುವ ಬದಲು ಇಮ್ಮಡಿ ಮಾಡುತ್ತದೆ. ಇದನ್ನು ತಪ್ಪಿಸಲೆಂದೇ ಜೀಪಿನ ಶಾಫ್ಟಿನ ಎರಡೂ ಭಾಗಗಳ ಮೇಲೆ ಬಾಣದ ಗುರುತು ಕೆತ್ತಿರುತ್ತಾರೆ. ಮಣ್ಣು, ಬಣ್ಣಗಳ ಕೆಳಗೆ ಅವು ಮುಚ್ಚಿಹೋಗುತ್ತವೆ.

ನಮ್ಮ ಜೀಪಿಗೆ ಆಗಿದ್ದುದು ಇದೇ. ನಡುಕ ಆರಂಭವಾದದ್ದು ಕ್ಲಚ್ ರಿಪೇರಿಯ ನಂತರ. ಆ ಕೆಲಸಕ್ಕೆ ಶಾಫ್ಟ್ ಬಿಚ್ಚಿದ್ದರು, ಮರಳಿ ಸೇರಿಸುವಾಗ ಬಾಣಗಳನ್ನು ನೋಡಿರಲಿಲ್ಲ. 'ಎಂದಿನಿಂದ ನಡುಗುತ್ತಿದೆ?' ಎಂದು ಯಾರಾದರೂ ಕೇಳಿದ್ದರೆ ಅರ್ಧ ಗಂಟೆಯ ಕೆಲಸ. ಕೇಳದ ಕಾರಣ ನಾಲ್ಕು ಒಳ್ಳೆಯ ಕ್ರಾಸುಗಳು ಹಾಳಾದವು. ಸತತ ಬಡಿತಕ್ಕೆ ಯು-ಬೋಲ್ಟಿನ ನಟ್ಟುಗಳು ಸಡಿಲಗೊಂಡು ಶಾಫ್ಟೇ ಕಳಚಿತು.

ನಡುಕವನ್ನು ಎಣಿಕೆಯಿಂದ ಗುರುತಿಸುವುದು

ಎಲ್ಲ ನಡುಕವೂ ಒಂದೇ ಅಲ್ಲ. ಯಾವ ಭಾಗ ಎಷ್ಟು ಬೇಗ ತಿರುಗುತ್ತದೆಯೋ ಅದಕ್ಕೆ ತಕ್ಕಂತೆ ನಡುಕದ ಬಗೆ ಬೇರೆಯಾಗುತ್ತದೆ. 6.00-16 ಅಳತೆಯ ಟೈರು, 5.38 ಅನುಪಾತದ ಅಚ್ಚು ಇರುವ ಹಳೆಯ ಜೀಪನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ:

ಚಕ್ರವು ನಿಮಿಷಕ್ಕೆ ಸುಮಾರು 440 ಸುತ್ತು, ಅಂದರೆ ಸೆಕೆಂಡಿಗೆ 7ರಿಂದ 8 ಸುತ್ತು ತಿರುಗುತ್ತದೆ. ಚಕ್ರದ ದೋಷವಿದ್ದರೆ ದಡದಡ ಎಂಬ ಕುಲುಕಾಟ ಕಂಡುಬರುತ್ತದೆ. ಮುಂದಿನ ಚಕ್ರದ್ದಾದರೆ ಅದು ಸ್ಟೀರಿಂಗಿನಲ್ಲಿ, ಹಿಂದಿನದಾದರೆ ಸೀಟಿನಲ್ಲಿ ತಿಳಿಯುತ್ತದೆ.

ಶಾಫ್ಟು ಇದರ 5.38ರಷ್ಟು, ಅಂದರೆ ಸೆಕೆಂಡಿಗೆ ಸುಮಾರು 40 ಸುತ್ತು ತಿರುಗುತ್ತದೆ. ಶಾಫ್ಟಿನ ತೂಕ ಒಂದು ಕಡೆಗೆ ಹೆಚ್ಚಾಗಿದ್ದರೆ ಕುಲುಕಾಟಕ್ಕೆ ಬದಲಾಗಿ ಗುಂಯ್ ಎಂಬ ಝೇಂಕಾರದಂಥ ನಡುಕ ನೆಲಹಾಸಿನಲ್ಲಿ ಕಾಣುತ್ತದೆ.

ಜಾಯಿಂಟಿನ ಓರೆಯಿಂದಾಗುವ ಏರುಪೇರು ಸುತ್ತಿಗೆ ಎರಡು ಬಾರಿ, ಅಂದರೆ ಸೆಕೆಂಡಿಗೆ ಸುಮಾರು 80 ಬಾರಿ. ಇದು ಇನ್ನೂ ನಯವಾದ, ಕಿವಿಗೆ ಮೊರೆತದಂತೆ ಕೇಳುವ ನಡುಕ.

ಶಾಫ್ಟಿನ ತೂಕದ ಅಸಮತೋಲವನ್ನು ಕಡೆಗಣಿಸಬಾರದು. ಗದ್ದೆಯ ಜೇಡಿಮಣ್ಣು ಶಾಫ್ಟಿನ ಒಂದು ಮಗ್ಗುಲಿಗೆ 30 ಗ್ರಾಂನಷ್ಟು ಅಂಟಿ ಒಣಗಿದೆ ಎಂದಿಟ್ಟುಕೊಳ್ಳಿ. ಅದು ಮಧ್ಯರೇಖೆಯಿಂದ 4 ಸೆಂ.ಮೀ. ದೂರದಲ್ಲಿದ್ದರೆ, ಸೆಕೆಂಡಿಗೆ 40 ಸುತ್ತಿನ ವೇಗದಲ್ಲಿ ಅದು ಶಾಫ್ಟನ್ನು ಹೊರಕ್ಕೆ ಎಳೆಯುವ ಬಲ ಸುಮಾರು ಏಳೂವರೆ ಕಿಲೋ ತೂಕಕ್ಕೆ ಸಮ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. 30 ಕಿ.ಮೀ. ವೇಗದಲ್ಲಿ ಗೊತ್ತೇ ಆಗದ ನಡುಕ 60ರಲ್ಲಿ ಸಹಿಸಲಾಗದಂತಾಗುವುದು ಇದರಿಂದಲೇ. ಆದ್ದರಿಂದ ಯಾವ ಪರೀಕ್ಷೆಗೂ ಮೊದಲು ಶಾಫ್ಟನ್ನು ಮತ್ತು ಚಕ್ರಗಳ ಒಳಮೈಯನ್ನು ಚೆನ್ನಾಗಿ ತೊಳೆಯಿರಿ. ಎಷ್ಟೋ ಬಾರಿ ರೋಗ ಅಲ್ಲಿಗೇ ವಾಸಿಯಾಗುತ್ತದೆ.

ರಸ್ತೆಯ ಮೇಲಿನ ಪರೀಕ್ಷೆಗಳು

ಸಮತಟ್ಟಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ಈ ಪರೀಕ್ಷೆಗಳನ್ನು ಕ್ರಮವಾಗಿ ಮಾಡಿರಿ. ಜೊತೆಗೊಬ್ಬರು ಇದ್ದು ಬರೆದುಕೊಂಡರೆ ಒಳ್ಳೆಯದು.

1. ನಡುಕ ಯಾವ ವೇಗದಲ್ಲಿ ಆರಂಭವಾಗಿ, ಯಾವ ವೇಗದಲ್ಲಿ ಅತಿ ಹೆಚ್ಚಾಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ.

2. ಅದೇ ವೇಗದಲ್ಲಿ ಒಂದು ಗೇರು ಕೆಳಗಿಳಿಸಿ ಓಡಿಸಿರಿ. ಎಂಜಿನ್ನಿನ ಸುತ್ತು ಹೆಚ್ಚಾಗುತ್ತದೆ, ಶಾಫ್ಟಿನ ಸುತ್ತು ಬದಲಾಗುವುದಿಲ್ಲ. ನಡುಕ ಅದೇ ರಸ್ತೆ ವೇಗದಲ್ಲಿ ಉಳಿದರೆ ದೋಷ ಶಾಫ್ಟಿನಲ್ಲಿ ಅಥವಾ ಚಕ್ರದಲ್ಲಿದೆ. ಎಂಜಿನ್ನಿನ ಸುತ್ತಿನೊಡನೆ ಬದಲಾದರೆ ಎಂಜಿನ್, ಕ್ಲಚ್ ಅಥವಾ ಅವುಗಳ ಕೆಳಗಿನ ರಬ್ಬರುಗಳನ್ನು ನೋಡಬೇಕು.

3. ನಡುಕವಿರುವ ವೇಗದಲ್ಲಿ ಆಕ್ಸಿಲರೇಟರ್ ಒತ್ತಿ, ನಂತರ ಬಿಟ್ಟು ನೋಡಿರಿ. ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಆದರೆ ಜಾಯಿಂಟಿನ ಸವಕಳಿ ಅಥವಾ ಓರೆಯ ದೋಷವನ್ನು ಶಂಕಿಸಬೇಕು. ಎರಡರಲ್ಲಿಯೂ ಒಂದೇ ಆಗಿದ್ದರೆ ತೂಕದ ಅಸಮತೋಲ ಇರುವ ಸಂಭವ ಹೆಚ್ಚು.

4. ಹೊರಡುವಾಗ, ರಿವರ್ಸ್ ಹಾಕುವಾಗ 'ಕಟಕ್' ಎಂಬ ಸದ್ದು ಬಂದರೆ ಎಲ್ಲೋ ಸಡಿಲವಿದೆ. ನಿಧಾನವಾಗಿ ಹೋಗುವಾಗ ಹಕ್ಕಿ ಕೂಗಿದಂತೆ ಕೀಚ್ ಕೀಚ್ ಎಂದರೆ ಕ್ರಾಸಿನಲ್ಲಿ ಗ್ರೀಸ್ ಒಣಗಿದೆ.

5. ಮುಂದಿನ ಚಕ್ರಗಳಲ್ಲಿ ಬಿಡಿಸುವ ಹಬ್ ಇಲ್ಲದ ಜೀಪಿನಲ್ಲಿ, ಫೋರ್ ವೀಲ್ ಹಾಕದಿದ್ದರೂ ಮುಂದಿನ ಶಾಫ್ಟ್ ಸದಾ ತಿರುಗುತ್ತಿರುತ್ತದೆ. ಅದನ್ನು ಬಿಚ್ಚಿಟ್ಟು ಒಮ್ಮೆ ಓಡಿಸಿ ನೋಡಿರಿ. ನಡುಕ ಹೋದರೆ ಹಿಂದಿನ ಶಾಫ್ಟಿನ ತಪ್ಪಲ್ಲ.

ಜೀಪಿನ ಕೆಳಗಿನ ಪರೀಕ್ಷೆ

ಎಚ್ಚರಿಕೆ: ಎಂಜಿನ್ ನಡೆಯುತ್ತಿರುವಾಗ ಎಂದಿಗೂ ಜೀಪಿನ ಕೆಳಗೆ ಹೋಗಬಾರದು. ಕೇವಲ ಜಾಕಿಯ ಮೇಲೆ ನಿಂತ ಜೀಪಿನ ಕೆಳಗೂ ಮಲಗಬಾರದು. ಅಚ್ಚಿನ ಕೆಳಗೆ ಗಟ್ಟಿಯಾದ ಆಧಾರ ಕೊಡಬೇಕು. ನಾಲ್ಕೂ ಚಕ್ರಗಳು ನೆಲದ ಮೇಲಿದ್ದರೂ ಮುಂದೆ ಹಿಂದೆ ಮರದ ತುಂಡು ಇಡಬೇಕು. ಶಾಫ್ಟ್ ಬಿಚ್ಚಿದ ಕ್ಷಣ ಹ್ಯಾಂಡ್ ಬ್ರೇಕ್ ನಿಷ್ಪ್ರಯೋಜಕ ಎಂಬುದನ್ನು ಮರೆಯದಿರಿ.

ಸಡಿಲ: ಚಕ್ರಗಳಿಗೆ ಮರದ ತುಂಡು ಇಟ್ಟ ಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟು, ಶಾಫ್ಟನ್ನು ಎರಡೂ ಕೈಯಿಂದ ಹಿಡಿದು ಆ ಕಡೆ ಈ ಕಡೆ ತಿರುಚಿರಿ. ಶಾಫ್ಟ್ ಮತ್ತು ಅಚ್ಚಿನ ಯೋಕ್ ಎರಡೂ ಒಟ್ಟಿಗೆ ಸ್ವಲ್ಪ ತಿರುಗಿದರೆ ಅದು ಒಳಗಿನ ಗೇರುಗಳ ಸಡಿಲ, ಜಾಯಿಂಟಿನದಲ್ಲ. ಕ್ರಾಸಿಗೂ ಕಪ್ಪಿಗೂ ನಡುವೆ, ಅಥವಾ ಕಪ್ಪಿಗೂ ಯೋಕಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಚಲನೆ ಇದ್ದರೆ ಮಾತ್ರ ಜಾಯಿಂಟ್ ಸವೆದಿದೆ. ಅನಂತರ ಜಾಯಿಂಟಿನ ಪಕ್ಕದಲ್ಲಿ ಶಾಫ್ಟನ್ನು ಮೇಲಕ್ಕೂ ಕೆಳಕ್ಕೂ ಎತ್ತಿ ನೋಡಿರಿ.

ಕೆಂಪು ಪುಡಿ: ಕಪ್ಪಿನ ಅಂಚಿನಲ್ಲಿ ತುಕ್ಕಿನ ಬಣ್ಣದ ಪುಡಿ ಕಂಡರೆ ಒಳಗಿನ ಸೂಜಿಗಳು ಗ್ರೀಸ್ ಇಲ್ಲದೆ ಸವೆಯುತ್ತಿವೆ ಎಂದರ್ಥ. ಅಂಥ ಕ್ರಾಸನ್ನು ಸಡಿಲ ಕಾಣದಿದ್ದರೂ ಬದಲಿಸುವುದು ಕ್ಷೇಮ.

ಬಾಗು: ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಆಧಾರ ಕೊಟ್ಟು, ಮುಂಚಕ್ರಗಳಿಗೆ ಮರದ ತುಂಡು ಒತ್ತಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಕೈಯಿಂದ ಶಾಫ್ಟ್ ತಿರುಗಿಸಬೇಕು. ಮೊಳೆಯೊಂದನ್ನು ಮರದ ತುಂಡಿಗೆ ಹೊಡೆದು, ಅದರ ತುದಿ ಶಾಫ್ಟಿಗೆ ಕೂದಲೆಳೆಯಷ್ಟು ದೂರ ಇರುವಂತೆ ನೆಲದ ಮೇಲೆ ನಿಲ್ಲಿಸಿರಿ. ತಿರುಗುವಾಗ ಒಂದು ಕಡೆ ತಾಗಿ ಇನ್ನೊಂದು ಕಡೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ದೂರ ಸರಿದರೆ ಶಾಫ್ಟ್ ಬಾಗಿದೆ. ಕಲ್ಲು ಬಡಿದು ತಗ್ಗಾಗಿರುವ ಜಾಗ, ಬೆಸುಗೆ ಹಾಕಿದ್ದ ತೂಕದ ಬಿಲ್ಲೆ ಬಿದ್ದುಹೋದ ಗುರುತು ಇವೆಯೇ ಎಂದು ಪರೀಕ್ಷಿಸಿರಿ.

ಬಾಣದ ಗುರುತು: ಸ್ಪ್ಲೈನಿನ ಎರಡೂ ಕಡೆ ಒರೆಸಿ ಬಾಣಗಳು ಎದುರುಬದುರಾಗಿವೆಯೇ ನೋಡಿರಿ. ಬಾಣಗಳು ಕಾಣದಿದ್ದರೆ ಎರಡೂ ಯೋಕುಗಳ ಕಿವಿಗಳು ಒಂದೇ ಸಮತಲದಲ್ಲಿವೆಯೇ ನೋಡಿದರೆ ಸಾಕು.

ಓರೆಯನ್ನು ಅಳೆಯುವುದು

ಮಕ್ಕಳ ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕ, ಒಂದು ದಾರ ಮತ್ತು ಒಂದು ನಟ್ಟು ಇದ್ದರೆ ಓರೆಯನ್ನು ಅಳೆಯಬಹುದು. ಕೋನಮಾಪಕದ ನಡುವಿನ ತೂತಿನಿಂದ ದಾರ ಇಳಿಬಿಟ್ಟು ತುದಿಗೆ ನಟ್ಟು ಕಟ್ಟಿರಿ. ನೇರವಾದ ಪಟ್ಟಿಗೆ ಇದನ್ನು ಅಂಟಿಸಿ, ಅಳೆಯಬೇಕಾದ ಭಾಗಕ್ಕೆ ಪಟ್ಟಿಯನ್ನು ಒತ್ತಿ ಹಿಡಿದರೆ ದಾರವು ಓರೆಯನ್ನು ತೋರಿಸುತ್ತದೆ. ಜೀಪು ಸಮನೆಲದ ಮೇಲೆ, ತನ್ನ ಚಕ್ರಗಳ ಮೇಲೆಯೇ, ಎಂದಿನ ಹೊರೆಯೊಂದಿಗೆ ನಿಂತಿರಬೇಕು.

ಅಳೆಯಬೇಕಾದುದು ಮೂರು: ಹ್ಯಾಂಡ್ ಬ್ರೇಕ್ ಡ್ರಮ್ಮಿನ ಹಿಂಮುಖ, ಶಾಫ್ಟಿನ ಕೊಳವೆ ಮತ್ತು ಅಚ್ಚಿನ ಯೋಕಿನ ಮುಖ. ಡ್ರಮ್ಮಿನ ಮತ್ತು ಯೋಕಿನ ಮುಖ ನೆಟ್ಟಗಿನ ಗೆರೆಯಿಂದ ಎಷ್ಟು ಓರೆಯೋ ಅವುಗಳ ಶಾಫ್ಟ್ ಮಟ್ಟದಿಂದ ಅಷ್ಟೇ ಓರೆ. ಉದಾಹರಣೆಗೆ, ಎಲ್ಲವೂ ಹಿಂದಕ್ಕೆ ಇಳಿಜಾರಾಗಿದ್ದು, ಡ್ರಮ್ಮಿನ ಕಡೆ 2 ಡಿಗ್ರಿ, ಕೊಳವೆ 9 ಡಿಗ್ರಿ, ಅಚ್ಚಿನ ಕಡೆ 2 ಡಿಗ್ರಿ ಎಂದು ಬಂದರೆ ಎರಡೂ ಜಾಯಿಂಟಿಗೆ 7 ಡಿಗ್ರಿ; ಸರಿಯಾಗಿದೆ. ಅಚ್ಚಿನ ಕಡೆ 5 ಡಿಗ್ರಿ ಬಂದರೆ ಮೊದಲ ಜಾಯಿಂಟಿಗೆ 7, ಎರಡನೆಯದಕ್ಕೆ 4. ಇಂಥ ಶಾಫ್ಟ್ ಹೊಸ ಕ್ರಾಸ್ ಹಾಕಿದರೂ ನಡುಗುತ್ತದೆ. ವ್ಯತ್ಯಾಸ 1 ಡಿಗ್ರಿಯೊಳಗೆ ಇರುವುದು ಲೇಸು.

ಓರೆ ಕೆಡಲು ಸಾಮಾನ್ಯ ಕಾರಣಗಳೆಂದರೆ: ಹೆಚ್ಚು ಹೊರೆಗೆಂದು ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು ಸೇರಿಸಿರುವುದು, ಜೀಪನ್ನು ಎತ್ತರಿಸಲು ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ತುಂಡು ಇಟ್ಟಿರುವುದು, ಗೇರ್ ಬಾಕ್ಸಿನ ಕೆಳಗಿನ ರಬ್ಬರ್ ಕುಸಿದಿರುವುದು, ಸ್ಪ್ರಿಂಗಿನ ನಡುವಿನ ಬೋಲ್ಟ್ ಮುರಿದು ಅಚ್ಚು ಜರುಗಿರುವುದು. ಇವುಗಳನ್ನು ಸರಿಪಡಿಸದೆ ಕ್ರಾಸಿಗೆ ಕೈ ಹಾಕಬಾರದು.

ಹೊಸ ಕ್ರಾಸನ್ನು ಕೂರಿಸುವಾಗ

ಕ್ರಾಸ್ ನಿಜವಾಗಿಯೂ ಸವೆದಿದೆ ಎಂದು ಖಚಿತವಾದ ಮೇಲೆ ಕೆಲಸ ಮಾಡುವವರ ಬಳಿ ನಿಂತು ಈ ಅಂಶಗಳನ್ನು ಗಮನಿಸಿರಿ.

1. ಬಿಚ್ಚುವ ಮೊದಲೇ ಯೋಕ್, ಶಾಫ್ಟ್, ಸ್ಪ್ಲೈನ್ ಎಲ್ಲದರ ಮೇಲೂ ಬಣ್ಣದಿಂದ ಗುರುತು ಹಾಕಬೇಕು. ಮರಳಿ ಜೋಡಿಸುವಾಗ ಗುರುತಿಗೆ ಗುರುತು ಸೇರಬೇಕು. ಹಳೆಯ ಗುರುತೇ ತಪ್ಪಿದ್ದರೆ ಮೇಲೆ ಹೇಳಿದ ನಿಯಮದಂತೆ ತಿದ್ದಬೇಕು.

2. ಹಳೆಯ ಕ್ರಾಸಿನ ಕಾಲುಗಳ ಮೇಲೆ ಉಗುರು ಎಳೆದು ನೋಡಿರಿ. ಸೂಜಿಗಳ ಗೆರೆಗಳು ಉಗುರಿಗೆ ಸಿಕ್ಕಿದರೆ ಅದರ ಆಯುಸ್ಸು ಮುಗಿದಿದೆ. ಗೆರೆಯಿಲ್ಲದೆ ನುಣುಪಾಗಿದ್ದು ಸಡಿಲವೂ ಇಲ್ಲದಿದ್ದರೆ ನಡುಕಕ್ಕೆ ಕಾರಣ ಬೇರೆಲ್ಲೋ ಇದೆ.

3. ಲಾಕ್ ರಿಂಗಿನ ಜಾಯಿಂಟಿನಲ್ಲಿ ಹೊಸ ಕಪ್ಪು ಯೋಕಿನ ತೂತಿಗೆ ಬಿಗಿಯಾಗಿ, ಒತ್ತಿದರೆ ಮಾತ್ರ ಇಳಿಯಬೇಕು. ಬೆರಳಿನಿಂದ ಒತ್ತಿದರೆ ಸಲೀಸಾಗಿ ಜಾರಿದರೆ ತೂತು ಸವೆದು ದೊಡ್ಡದಾಗಿದೆ. ಅಂಥ ಯೋಕಿಗೆ ಎಷ್ಟು ಒಳ್ಳೆಯ ಕ್ರಾಸ್ ಹಾಕಿದರೂ ನಿಲ್ಲುವುದಿಲ್ಲ, ಯೋಕನ್ನೇ ಬದಲಿಸಬೇಕು. ತಗಡಿನ ಚೂರು ತುರುಕಿ ಬಿಗಿ ಮಾಡುವುದು ಸರಿಯಲ್ಲ.

4. ಕಪ್ಪನ್ನು ನೇರವಾಗಿ ಸುತ್ತಿಗೆಯಿಂದ ಬಡಿಯಬಾರದು. ಬೆಂಚ್ ವೈಸಿನಲ್ಲಿ ಒಂದು ಚಿಕ್ಕ, ಒಂದು ದೊಡ್ಡ ಸಾಕೆಟ್ ಇಟ್ಟು ನಿಧಾನವಾಗಿ ಒತ್ತಬೇಕು. ಬಡಿಯುವಾಗ ಸೂಜಿಯೊಂದು ಜಾರಿ ಕಪ್ಪಿನ ತಳದಲ್ಲಿ ಅಡ್ಡ ಬೀಳುವುದು ಸಾಮಾನ್ಯ. ಆಗ ಕಪ್ಪು ಪೂರ್ತಿ ಇಳಿಯುವುದಿಲ್ಲ, ಲಾಕ್ ರಿಂಗ್ ತನ್ನ ಗಾಡಿಯಲ್ಲಿ ಕೂರುವುದಿಲ್ಲ. ರಿಂಗ್ ಕೂರದಿದ್ದರೆ ಬಲವಂತ ಮಾಡದೆ ಕಪ್ಪು ತೆಗೆದು ಸೂಜಿಗಳನ್ನು ನೋಡಬೇಕು.

5. ಕ್ರಾಸ್ ಯೋಕಿನ ನಟ್ಟನಡುವೆ ಇರಬೇಕು. 6 ಕಿಲೋ ತೂಕದ ಶಾಫ್ಟ್ ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿದು ಕುಳಿತರೆ, ಮೇಲೆ ಹೇಳಿದ ಜಾಗದಲ್ಲಿ ಸುಮಾರು 37 ಗ್ರಾಂ ಮಣ್ಣು ಅಂಟಿದಷ್ಟೇ ದೋಷ ಉಂಟಾಗುತ್ತದೆ. ಎರಡೂ ಕಡೆಯ ಲಾಕ್ ರಿಂಗುಗಳು ಒಂದೇ ದಪ್ಪದವಾಗಿದ್ದು, ಪೂರ್ತಿ ಕುಳಿತಿರಬೇಕು.

6. ಕೂರಿಸಿದ ಮೇಲೆ ಜಾಯಿಂಟನ್ನು ಎರಡೂ ದಿಕ್ಕಿಗೆ ಕೈಯಿಂದ ಆಡಿಸಿರಿ. ಸಡಿಲವೂ ಇರಬಾರದು, ಎಲ್ಲಿಯೂ ಕಚ್ಚಲೂಬಾರದು. ಬಿಗಿಯಾಗಿದ್ದರೆ ಯೋಕಿನ ಕಿವಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಕಪ್ಪು ರಿಂಗಿಗೆ ಆತು ಕುಳಿತು ಸರಿಹೋಗುತ್ತದೆ. 'ಓಡುತ್ತಾ ಸಡಿಲವಾಗುತ್ತದೆ' ಎಂಬ ಮಾತನ್ನು ನಂಬಬೇಡಿ. ಬಿಗಿಯಾದ ಜಾಯಿಂಟ್ ತಾನೂ ಕೆಡುತ್ತದೆ, ಗೇರ್ ಬಾಕ್ಸಿನ ಮತ್ತು ಅಚ್ಚಿನ ಬೇರಿಂಗ್, ಆಯಿಲ್ ಸೀಲುಗಳನ್ನೂ ಕೆಡಿಸುತ್ತದೆ.

7. ಯು-ಬೋಲ್ಟಿನ ಎರಡೂ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಸಮನಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಕಪ್ಪು ಅಮುಕಿಹೋಗುತ್ತದೆ. ಸ್ಪ್ರಿಂಗ್ ವಾಷರ್ ಹಾಕುವುದನ್ನು ಮರೆಯಬಾರದು. ನೂರು ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಗ್ರೀಸ್

ಗ್ರೀಸ್ ಗನ್ನಿನಿಂದ ತುಂಬುವಾಗ ಕ್ರಾಸಿನ ನಾಲ್ಕೂ ಕಪ್ಪುಗಳ ಅಂಚಿನಿಂದ ಹೊಸ ಗ್ರೀಸ್ ಹೊರಬರುವವರೆಗೆ ತುಂಬಬೇಕು. ಮೂರರಿಂದ ಬಂದು ಒಂದರಿಂದ ಬಾರದಿದ್ದರೆ ಆ ಕಾಲಿನ ದಾರಿ ಕಟ್ಟಿದೆ. ಮೊದಲು ಹಾಳಾಗುವುದು ಅದೇ. ಸ್ಪ್ಲೈನಿಗೂ ಗ್ರೀಸ್ ಬೇಕು. ಅದು ಒಣಗಿ ಹಿಡಿದುಕೊಂಡರೆ ಗುಂಡಿಯಲ್ಲಿ ಅಚ್ಚು ಏರಿಳಿದಾಗಲೆಲ್ಲ ಶಾಫ್ಟ್ ಎರಡೂ ಜಾಯಿಂಟುಗಳನ್ನು ಒತ್ತುತ್ತದೆ. ಹಳ್ಳ, ಕೆಸರು ದಾಟಿದ ನಂತರ ಹೊಸ ಗ್ರೀಸ್ ಹಾಕಿದರೆ ಒಳಹೊಕ್ಕ ನೀರು ಹೊರಬರುತ್ತದೆ.

ರೋಟವೇಟರಿಗೂ ಇದೇ ನಿಯಮ

ಜೀಪು ಇಲ್ಲದ ರೈತರಿಗೂ ಈ ವಿಷಯ ಉಪಯುಕ್ತ. ಟ್ರ್ಯಾಕ್ಟರಿನ ಪಿ.ಟಿ.ಓ. ಶಾಫ್ಟಿನಲ್ಲಿ ಇರುವುದೂ ಇದೇ ಜಾಯಿಂಟುಗಳು. ಅಲ್ಲಿಯೂ ಒಳಹೊರ ಕೊಳವೆಗಳ ಯೋಕುಗಳು ಒಂದೇ ಸಮತಲದಲ್ಲಿರಬೇಕು, ಎರಡೂ ಓರೆಗಳು ಸಮನಾಗಿರಬೇಕು. ಬದುವಿನ ಬಳಿ ತಿರುಗುವಾಗ ರೋಟವೇಟರನ್ನು ತಿರುಗುತ್ತಿರುವಂತೆಯೇ ಎತ್ತರಕ್ಕೆ ಎತ್ತುವ ರೂಢಿ ಅನೇಕರಲ್ಲಿದೆ. ಎತ್ತಿದಷ್ಟೂ ಓರೆ ಹೆಚ್ಚುತ್ತದೆ, ಕಟಕಟ ಸದ್ದು ಬರುತ್ತದೆ, ಕ್ರಾಸ್ ಬೇಗ ಹೋಗುತ್ತದೆ. ಪಿ.ಟಿ.ಓ. ನಿಲ್ಲಿಸಿ ಎತ್ತಿದರೆ ಕ್ರಾಸಿನ ಆಯುಸ್ಸು ಹೆಚ್ಚುತ್ತದೆ.

ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. 6 ಸೆಂ.ಮೀ. ದಪ್ಪದ ಕೊಳವೆ ಒಂದು ಸೆಕೆಂಡಿನಲ್ಲಿ ಸುಮಾರು 1.7 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಪಂಚೆಯ ತುದಿಯೋ, ಸೀರೆಯ ಸೆರಗೋ ಸಿಕ್ಕಿದರೆ ಕೂಗುವಷ್ಟು ಸಮಯವೂ ಇರುವುದಿಲ್ಲ. ಮೇಲಿನ ಪ್ಲಾಸ್ಟಿಕ್ ರಕ್ಷಾಕವಚ ಒಡೆದಿದ್ದರೆ ಮೊದಲು ಅದನ್ನು ಹಾಕಿಸಿ, ಅನಂತರ ಉಳುಮೆಗೆ ಇಳಿಯಿರಿ. ಶಾಫ್ಟನ್ನು ಮುಟ್ಟುವ ಮೊದಲು ಎಂಜಿನ್ ನಿಲ್ಲಿಸಿ ಬೀಗದಕೈ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ನಡುಕ ಎಂದಿನಿಂದ, ಯಾವ ವೇಗದಲ್ಲಿ, ಹೊರೆಯಲ್ಲೋ ಬಿಟ್ಟಾಗಲೋ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿರಿ.
2. ಮಣ್ಣು ತೊಳೆಯಿರಿ, ಬಾಣದ ಗುರುತು ನೋಡಿರಿ, ನಟ್ಟುಗಳನ್ನು ಪರೀಕ್ಷಿಸಿರಿ. ಈ ಮೂರಕ್ಕೂ ಖರ್ಚಿಲ್ಲ.
3. ಓರೆ ಅಳೆಯಿರಿ, ಬಾಗು ನೋಡಿರಿ.
4. ಕಣ್ಣಿಗೆ ಕಾಣುವ ಸಡಿಲ, ಕೆಂಪು ಪುಡಿ ಅಥವಾ ಕಚ್ಚುವಿಕೆ ಇದ್ದರೆ ಮಾತ್ರ ಕ್ರಾಸ್ ಬದಲಿಸಿರಿ.
5. ಏರಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬದೆ ಚಕ್ರಕ್ಕೆ ಕಲ್ಲು ಕೊಡಿರಿ.

ನಮ್ಮ ಜೀಪಿನ ಶಾಫ್ಟನ್ನು ಬಾಣಕ್ಕೆ ಬಾಣ ಸೇರಿಸಿ ಕೂರಿಸಿದ ದಿನದಿಂದ ಅದು ನಡುಗಿಲ್ಲ. ತಮ್ಮ ಈಗ ಜೀಪಿನಲ್ಲಿ ಯಾವಾಗಲೂ ಎರಡು ಮರದ ತುಂಡುಗಳನ್ನು ಇಟ್ಟುಕೊಂಡಿರುತ್ತಾನೆ. ನಿಮ್ಮ ವಾಹನದಲ್ಲಿಯೂ ಅವೆರಡು ಇರಲಿ.